ಟೆಂಪರೇಚರ್ ಇಳಿದಿತ್ತು, ಕೋಳಿ ಉಳಿಯಲಿಲ್ಲ

ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಶೆಡ್ಡಿನ ನಡುಗಂಬಕ್ಕೆ ನೇತುಹಾಕಿದ ಥರ್ಮಾಮೀಟರ್, 35 ತೋರಿಸುತ್ತಿದೆ. ಅರ್ಧ ಗಂಟೆ ಮುಂಚೆ 39 ಇತ್ತು. ಬ್ರಾಂಚ್ ಗ್ರೂಪಿಗೆ ಹಾಕಿ ಕೆಳಗೆ ಬರೆದಿದ್ದೆ: 'ಫಾಗರ್ ಆನ್, 4 ಡಿಗ್ರಿ ಡೌನ್.' ಫಾಗರ್ ಅಂದರೆ ಶೆಡ್ಡಿನೊಳಗೆ ಮಂಜಿನಂತೆ ನೀರು ಚಿಮ್ಮಿಸುವ ಸಾಧನ. ಮ್ಯಾನೇಜರ್ ಹೆಬ್ಬೆರಳು ಒತ್ತಿದರು. ಟೈಮು ಮಧ್ಯಾಹ್ನ 2:52. ಮೂರೂಕಾಲರ ಹೊತ್ತಿಗೆ ಅದೇ ಕಂಬದ ಬುಡದಲ್ಲಿ ಕೋಳಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತಿದ್ದವು.

ನಾನು ಕೋಳಿ ಕಂಪನಿಯೊಂದರ ಬ್ರಾಯ್ಲರ್ ಲೈನ್ ಸೂಪರ್‌ವೈಸರ್. ಕಂಪನಿಯ ಕೋಳಿಯನ್ನು ಕೂಲಿಗೆ ಸಾಕುವ ರೈತರ ಫಾರಂಗಳನ್ನು ನೋಡಿಕೊಳ್ಳುವವನು. ಹಿರಿಯೂರು, ಚಳ್ಳಕೆರೆ ಕಡೆ ಇಪ್ಪತ್ತೆರಡು ಫಾರಂ ನನ್ನ ಲೈನಿನಲ್ಲಿವೆ. ಬೆಳಿಗ್ಗೆ ಬೈಕ್ ಹತ್ತಿದರೆ ವೆಯ್ಟ್, ಮಾರ್ಟಾಲಿಟಿ, ಫೀಡ್ ಇಂಡೆಂಟ್, ಎಫ್‌ಸಿಆರ್ (ಒಂದು ಕೆಜಿ ತೂಕಕ್ಕೆ ತಿಂದ ಫೀಡ್) ಅಂತ ಸಂಜೆಯಾಗುವುದೇ ತಿಳಿಯುವುದಿಲ್ಲ. ಹನ್ನೊಂದು ವರ್ಷದ ಸರ್ವೀಸು. ಬೇಸಿಗೆ ನನಗೆ ಗೊತ್ತು ಅಂದುಕೊಂಡಿದ್ದೆ.

ಅವತ್ತು ಏಪ್ರಿಲ್ ಕೊನೆ ವಾರ. ಬೆಂಗಳೂರಿನಲ್ಲಿ 24, 25ನೇ ತಾರೀಖಿನ ಹೊತ್ತಿಗೆ ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕಂಬ ನಿಲ್ಲಿಸಿ ನೋಡುತ್ತಾರಲ್ಲ, ನಮ್ಮ ಕಡೆ ಅದಾಗಿ ಮೂರು ನಾಲ್ಕು ದಿನಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆ. ಸಿಮೆಂಟ್ ಶೀಟಿನ ಮಾಡು ಮಧ್ಯಾಹ್ನಕ್ಕೆ ಕಾದ ಹೆಂಚು. ಹಿಂದಿನ ರಾತ್ರಿ ನಾಲ್ಕು ಹನಿ ಮಳೆ ಬೇರೆ ಬಿದ್ದು ನೆಲದಿಂದ ಧಗೆ ಏಳುತ್ತಿತ್ತು. ಕೋಳಿಗೆ 40 ದಿನ, ತೂಕ 2.3 ಕೆಜಿ ದಾಟಿತ್ತು. ಲಿಫ್ಟಿಂಗ್, ಅಂದರೆ ಮಾರಾಟಕ್ಕೆ ಕೋಳಿ ಎತ್ತುವುದು, ಆಗಬೇಕಿದ್ದದ್ದು ಮೂರು ದಿನ ಮುಂಚೆ. ರೇಟ್ ಬಿದ್ದಿದೆ, ಟ್ರೇಡರ್ ಎತ್ತುತ್ತಿಲ್ಲ, ಇರಲಿ ಬಿಡಿ ಅಂತ ಬ್ರಾಂಚಿನಿಂದ ಮೆಸೇಜು. ಎಸಿ ರೂಮಿನಲ್ಲಿ ಕೂತವರಿಗೆ 'ಇರಲಿ ಬಿಡಿ' ಅನ್ನುವುದು ಸುಲಭ. ಅಷ್ಟು ಬಲಿತ ಕೋಳಿಗೆ ಒಂದು ಚದರಡಿ ಜಾಗ ಅಂದರೆ ಪಕ್ಕದ ಕೋಳಿಯ ಮೈಕಾವೂ ಅದರ ಪಾಲಿಗೇ.

ಶೆಡ್ಡಿನ ಕಥೆ ಹೇಳಬೇಕು. 250 ಅಡಿ ಉದ್ದ, 20 ಅಡಿ ಅಗಲ. ಉತ್ತರ ದಕ್ಷಿಣವಾಗಿ ನಿಂತಿದೆ. ಬಯಲುಸೀಮೆಯಲ್ಲಿ ಓಪನ್ ಶೆಡ್ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಇರಬೇಕು ಅನ್ನುವುದು ಟ್ರೈನಿಂಗಿನ ಮೊದಲ ದಿನವೇ ಹೇಳಿಕೊಡುವ ಪಾಠ. ಹಾಗಿದ್ದರೆ ಬೆಳಗಿನ ಬಿಸಿಲು, ಸಂಜೆ ಬಿಸಿಲು ಬಡಿಯುವುದು 20 ಅಡಿಯ ತುದಿಗೋಡೆಗೆ ಮಾತ್ರ. ಇಲ್ಲಿ ಎರಡು ಗಂಟೆ ಆಯಿತೆಂದರೆ 250 ಅಡಿ ಉದ್ದಕ್ಕೂ ಜಾಲರಿ ಮೂಲಕ ಬಿಸಿಲು ಒಳಗೇ ಬರುತ್ತದೆ. ಕೋಳಿಗಳೆಲ್ಲ ಪೂರ್ವದ ನೆರಳಿಗೆ ನುಗ್ಗಿ ಒತ್ತಿಕೊಳ್ಳುತ್ತವೆ. ಫಾರಂನವರ ಜಮೀನು ರಸ್ತೆಯಿಂದ ಒಳಕ್ಕೆ ಪಟ್ಟಿ ಎಳೆದ ಹಾಗಿದೆ. ಬೇರೆ ರೀತಿ ಕಟ್ಟಲು ಜಾಗವಿರಲಿಲ್ಲ. ಮೂರು ವರ್ಷದ ಹಿಂದೆ ಸೈಟ್ ರಿಪೋರ್ಟಿನಲ್ಲಿ 'ದಿಕ್ಕು' ಅನ್ನುವ ಕಾಲಂನಲ್ಲಿ ಪೂರ್ವ–ಪಶ್ಚಿಮ ಅಂತ ಟಿಕ್ ಹಾಕಿದವನು ನಾನೇ. ಆ ತಿಂಗಳು ಹೊಸ ಫಾರಂ ಟಾರ್ಗೆಟ್ ನಾಲ್ಕಿತ್ತು, ಆಗಿದ್ದು ಮೂರು.

ಒಂದೂವರೆಗೆ ಹೋದೆ. ಫಾರಂ ನೋಡಿಕೊಳ್ಳುವುದು ಅಲ್ಲಿನ ಅಕ್ಕ ಮತ್ತು ಅವರ ಮಗ. ಕೋಳಿಗಳು ರೆಕ್ಕೆ ಮೈಯಿಂದ ದೂರ ಹಿಡಿದು ಬಾಯಿ ತೆರೆದು ಏದುತ್ತಿದ್ದವು. ಅದು ಬೇಸಿಗೆಯಲ್ಲಿ ದಿನಾ ನೋಡುವುದೇ. ಎರಡಕ್ಕೆ ಪಶ್ಚಿಮದ ಬಿಸಿಲು ಶುರುವಾಯಿತು. ಆ ಕಡೆಗೆ ಫೀಡ್ ಚೀಲ ಹೊಲಿದು ಮಾಡಿದ ಪರದೆಗಳನ್ನು ಪೂರ್ತಿ ಇಳಿಬಿಡಿಸಿದೆ. ಪೂರ್ವದ ಪರದೆ ಬೆಳಿಗ್ಗೆಯಿಂದಲೇ ಅರ್ಧ ಇಳಿದಿತ್ತು. ಅದನ್ನು ಎತ್ತಿ ಕಟ್ಟಿಸಬೇಕು ಅಂತ ಹೊಳೆಯಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಫಾಗರ್ ಹಾಕಿಸಿದೆ. 2:20ಕ್ಕೆ ತ್ರೀ ಫೇಸ್ ಕರೆಂಟ್ ಹೋಯಿತು. ಜನರೇಟರಿಗೆ ಫಾಗರ್ ಮೋಟಾರ್ ಮಾತ್ರ ಕೊಟ್ಟಿದ್ದರು, ಹಾಗಾಗಿ ಫ್ಯಾನ್ ನಿಂತಿತು, ಮಂಜಿನಂಥ ನೀರು ಬೀಳುತ್ತಲೇ ಇತ್ತು. ಥರ್ಮಾಮೀಟರ್ ಇಳಿಯತೊಡಗಿತು. ನನಗೆ ಖುಷಿ. ಪಕ್ಕದಲ್ಲೇ ತೇವ ಅಳೆಯುವ ಡಿಜಿಟಲ್ ಮೀಟರ್ ನೇತಾಡುತ್ತಿತ್ತು. ಸೆಲ್ ಸತ್ತು ಎಷ್ಟು ದಿನವಾಗಿತ್ತೋ.

ಕೋಳಿಗೆ ಬೆವರು ಬರುವುದಿಲ್ಲ. ಅದರ ಮೈಬಿಸಿಯೇ 41 ಡಿಗ್ರಿ ಹತ್ತಿರ. ಬಿಸಿಲು ಏರಿದಂತೆ ನಿಮಿಷಕ್ಕೆ ನೂರೈವತ್ತು ಸಲಕ್ಕೂ ಜಾಸ್ತಿ ಏದುತ್ತದೆ, ಗಂಟಲಿನ ಪಸೆ ಆರಿದಷ್ಟು ಬಿಸಿ ಹೊರಗೆ. ಸುತ್ತ ಗಾಳಿಯೇ ನೀರು ಕುಡಿದು ನಿಂತಿದ್ದರೆ ಪಸೆ ಆರುವುದೆಲ್ಲಿಂದ? ಎಷ್ಟು ಏದಿದರೂ ದಂಡ. ಏದುವ ಶ್ರಮಕ್ಕೇ ಮೈ ಇನ್ನಷ್ಟು ಕಾಯುತ್ತದೆ. ಇದನ್ನೆಲ್ಲ ರೈತರ ಮೀಟಿಂಗಿನಲ್ಲಿ ಬೋರ್ಡ್ ಮೇಲೆ ಚಿತ್ರ ಬರೆದು ಹೇಳುವವನು ನಾನು, ಗೊತ್ತಾ?

ಫೋಟೋ ಹಾಕಿ ಹೊರಗೆ ಬರುವಾಗ ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಹೇಳಿದರು, "ಸಾರ್, ಒಳಗೆ ನನಗೇ ಉಸಿರು ಕಟ್ಟಿದಂಗಾಗ್ತೈತೆ. ಪಡುವಲ ಕಡೆ ಪರದೆ ಎತ್ತಿಬಿಡ್ಲಾ? ಸ್ವಲ್ಪ ಗಾಳಿ ಐತೆ."

"ಬೇಡ ಅಕ್ಕ, ಬಿಸಿಲು ನೇರ ಬೀಳುತ್ತೆ. ಟೆಂಪರೇಚರ್ ಇಳೀತಿದೆ ನೋಡಿ" ಅಂದೆ.

ಅವರು ಸುಮ್ಮನಾದರು. ಸಾರ್ ಹೇಳಿದ ಮೇಲೆ ಮುಗೀತು ಅಲ್ವಾ.

ನಾನು ಬೇವಿನ ಮರದ ಕೆಳಗೆ ಕೂತು ಆ್ಯಪ್‌ನಲ್ಲಿ ಡೈಲಿ ಎಂಟ್ರಿ ತುಂಬತೊಡಗಿದೆ. ಮರದ ಕೆಳಗೆ ಗಾಳಿ ಆಡುತ್ತಿತ್ತು, ಹಾಯಾಗಿತ್ತು. ಆ್ಯಪ್ ಎರಡು ಸಲ ಹ್ಯಾಂಗ್ ಆಯಿತು. ಫೀಡ್ ಸ್ಟಾಕ್ ಫೋಟೋ ಅಪ್‌ಲೋಡ್ ಆಗದೆ ಮುಂದಿನ ಪೇಜ್ ತೆರೆಯುವುದಿಲ್ಲ, ನೆಟ್‌ವರ್ಕ್ ಒಂದೇ ಕಡ್ಡಿ. ಇಪ್ಪತ್ತು ನಿಮಿಷ ಅದರ ಜೊತೆ ಗುದ್ದಾಡಿದೆ. ಆಮೇಲೆ ಏನೋ ಒಂದು ಕಡಿಮೆಯಾದ ಹಾಗೆ ಅನ್ನಿಸಿತು. ಏನು ಅಂತ ತಿಳಿಯಲು ಒಂದು ಕ್ಷಣ ಹಿಡಿಯಿತು. ಶೆಡ್ಡಿನ ಸದ್ದು. ಐದು ಸಾವಿರ ಕೋಳಿ ಏದುವ ಹಸಹಸ ಸದ್ದು ತೆಳ್ಳಗಾಗಿತ್ತು.

ಬಾಗಿಲು ತೆರೆದೆ. ಮುಖಕ್ಕೆ ಒದ್ದೆ ಬಟ್ಟೆ ಮುಚ್ಚಿದಂತಾಯಿತು. ಅಮೋನಿಯಾ ಕಣ್ಣಿಗೆ ಚುಚ್ಚಿತು. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ತೊಯ್ದು ಚಪ್ಪಲಿಗೆ ಅಂಟುತ್ತಿತ್ತು. ಪೂರ್ವದ ಗೋಡೆಯುದ್ದಕ್ಕೂ ಕೋಳಿಗಳು ಮೂರು ಪದರ. ಕಾಲ ಬಳಿ ಒಂದು ಕುತ್ತಿಗೆ ನೆಲಕ್ಕೆ ಚಾಚಿ ಮಲಗಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಜುಟ್ಟು ನೀಲಿಗೆ ತಿರುಗಿತ್ತು, ಕೊಕ್ಕು ತೆರೆದು ಮುಚ್ಚುವುದಕ್ಕೂ ತ್ರಾಣವಿರಲಿಲ್ಲ. ಎತ್ತಿಕೊಂಡೆ. ಒಲೆಯಿಂದ ಇಳಿಸಿದ ಪಾತ್ರೆ ಹಿಡಿದ ಹಾಗಿತ್ತು. ಕೈಯಲ್ಲೇ ಒಂದು ಸಲ ರೆಕ್ಕೆ ಬಡಿದು ಹೋಯಿತು.

"ಪರದೆ! ಪರದೆ ಎತ್ತಿ!" ಅಂತ ಕೂಗಿದೆ. ಯಾರಿಗೆ ಕೂಗಿದೆನೋ, ಮೊದಲು ಓಡಿದವರು ಅಕ್ಕ. ಫಾಗರಿನ ನೀರಿಗೆ ಹಗ್ಗ ನೆನೆದು ಗಂಟು ಬಿಗಿದುಕೊಂಡಿತ್ತು. ನನ್ನ ಬೆರಳು ನಡುಗುತ್ತಿತ್ತು, ಒಂದು ಗಂಟೂ ಬಿಚ್ಚಲಾಗಲಿಲ್ಲ. ಅಕ್ಕ ಕುಡುಗೋಲು ತಂದು ಸೂರಿನ ಹತ್ತಿರ ಸರಸರ ಕೊಯ್ಯುತ್ತಾ ಹೋದರು. ಪರದೆ ದಪ್ ದಪ್ ಅಂತ ನೆಲಕ್ಕೆ ಬಿತ್ತು. ಪಡುವಲ ಗಾಳಿ ಒಳಗೆ ಬಂತು. ಬಿಸಿಗಾಳಿಯೇ, ಆದರೂ ಗಾಳಿ. ಉತ್ತರ ದಕ್ಷಿಣವಾಗಿ ನಿಂತ ಆ ದರಿದ್ರ ಶೆಡ್ಡಿಗೆ ಇದ್ದ ಒಂದೇ ಒಂದು ಅನುಕೂಲ ಪಡುವಲ ಗಾಳಿ ನೇರ ಹಾಯುವುದು. ಆ ಗಾಳಿಗೇ ನಾನು ಪರದೆಯ ಗೋಡೆ ಕಟ್ಟಿದ್ದೆ.

ಮೋಟಾರ್ ಆಫ್ ಮಾಡಿದ್ದು ಅವರ ಮಗ. ನನಗೆ ಅದೂ ನೆನಪಾಗಲಿಲ್ಲ. ಫೀಡರ್‌ಗಳನ್ನು ಮೇಲಕ್ಕೆ ಎತ್ತಿ ಕಟ್ಟಿದೆವು. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಫೀಡ್ ಇರಬಾರದು, ಅರಗಿಸುವುದೂ ಮೈ ಕಾಯಿಸುತ್ತದೆ. ಆದರೆ ವೆಯ್ಟ್ ಕಮ್ಮಿ ಅಂತ ಗ್ರೂಪಿನಲ್ಲಿ ಬೈಸಿಕೊಂಡು ಹನ್ನೆರಡಕ್ಕೆ ತುಂಬಿಸಿ ಅಂದಿದ್ದವನೂ ನಾನೇ. ಕೋಳಿ ನೀರು ಕುಡಿಯುವ ನಿಪ್ಪಲ್ ಲೈನಿನ ತುದಿ ಬಿಚ್ಚಿದರೆ ಸ್ನಾನಕ್ಕೆ ಕಾಯಿಸಿದಂಥ ನೀರು ಬಂತು. ಬಿಸಿಲಲ್ಲಿ ಕೂತ ಕಪ್ಪು ಟ್ಯಾಂಕು. ಅದನ್ನು ಪೂರ್ತಿ ಹರಿಯಬಿಟ್ಟು ಬೋರಿನ ನೀರು ಹಾಯಿಸಿದೆವು. ಮೂವರೂ ಕೋಳಿಗಳ ನಡುವೆ ಮೆಲ್ಲಗೆ ನಡೆದು ರಾಶಿ ಬಿಡಿಸಿದೆವು. ಐದೂವರೆ ಹೊತ್ತಿಗೆ ಸಾಯುವುದು ನಿಂತಿತು.

617. ಹೊರಗೆ ಸಾಲಾಗಿ ಇಟ್ಟು ಎಣಿಸಿದೆವು. ಕೌಂಟಿಂಗ್ ಫೋಟೋ ಕಳಿಸಿ ಅಂತ ಮ್ಯಾನೇಜರ್ ಮೂರು ಸಲ ಫೋನ್ ಮಾಡಿದರು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚುವಾಗ ರಾತ್ರಿ ಹತ್ತಾಗಿತ್ತು. ಆ್ಯಪ್‌ನಲ್ಲಿ ಸಾವಿನ ಕಾರಣಕ್ಕೆ ಪಟ್ಟಿಯಿಂದಲೇ ಆರಿಸಬೇಕು. ಸಿಆರ್‌ಡಿ ಅನ್ನುವ ಉಸಿರಾಟದ ರೋಗ ಇದೆ, ಇ. ಕೋಲೈ ಸೋಂಕು ಇದೆ, ಹೀಟ್ ಸ್ಟ್ರೋಕ್ ಇದೆ. ಶೆಡ್ಡು ಅಂತ ಇಲ್ಲ, ಸೂಪರ್‌ವೈಸರ್ ಅಂತಲೂ ಇಲ್ಲ. ಹೀಟ್ ಸ್ಟ್ರೋಕ್ ಒತ್ತಿದೆ. ಎಫ್‌ಸಿಆರ್ ಕೆಟ್ಟು ಅಕ್ಕನ ಜಿಸಿ, ಅಂದರೆ ಸಾಕಿದ ಕೂಲಿ, ಕಟ್ ಆಯಿತು. ನನ್ನ ಸಂಬಳ ಪೂರ್ತಿ ಬಂತು.

ಒಲೆ ಹಚ್ಚುತ್ತಾ ಅಕ್ಕ ಒಂದು ಮಾತು ಹೇಳಿದರು. "ನಮಗೆ ಮಣ್ಣಿನ ಮಾಳಿಗೆ ಮನೆ, ಕೋಳಿಗೆ ಶೀಟಿನ ಮನೆ. ಮಧ್ಯಾಹ್ನ ನಾವು ಒಳಗೆ ತಣ್ಣಗೆ ಮಲಗ್ತೀವಿ ಸಾರ್." ಬೈಗುಳದ ಧ್ವನಿ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶೆಡ್ಡನ್ನು ತಿರುಗಿಸಿ ನಿಲ್ಲಿಸಲಾಗುವುದಿಲ್ಲ. ಮುಂದಿನ ಬ್ಯಾಚಿಗೆ ಮುಂಚೆ ಮಾಡಿಗೆ ಸುಣ್ಣ ಬಳಿಸಿ, ಮೇಲೆ ತೆಂಗಿನ ಗರಿ ಹೊದಿಸಿದೆವು. ಪಶ್ಚಿಮದ ಸೂರನ್ನು ಐದು ಅಡಿ ಮುಂದಕ್ಕೆ ಚಾಚಿ ಅದರ ತುದಿಗೆ ನೆರಳು ಬಲೆ ಇಳಿಬಿಟ್ಟಿದ್ದೇವೆ, ಜಾಲರಿಗೆ ತಾಗದಂತೆ. ಬಿಸಿಲು ಹೊರಗೇ ನಿಲ್ಲುತ್ತದೆ, ಗಾಳಿ ಬರುತ್ತದೆ. ಆಚೆಗೆ ಒಂದು ಸಾಲು ಹೆಬ್ಬೇವು, ಕೆಳಗಿನ ರೆಂಬೆ ಸವರಬೇಕು. ಟ್ಯಾಂಕಿಗೆ ಚಪ್ಪರ. ಜನರೇಟರಿಗೆ ಮೊದಲು ಫ್ಯಾನು. ಬೇಸಿಗೆ ಬ್ಯಾಚಿಗೆ 4,300 ಮರಿ ಸಾಕು ಅಂತ ಬ್ರಾಂಚಿನಲ್ಲಿ ಜಗಳ ಮಾಡಿದೆ. ಈಗ ಎಲ್ಲರ ಬಾಯಲ್ಲೂ ಒಳಗಿನ ಹವೆಯನ್ನು ಯಂತ್ರವೇ ನಿಯಂತ್ರಿಸುವ ಇಸಿ ಶೆಡ್, ಕೂಲಿಂಗ್ ಪ್ಯಾಡ್. ಒಳ್ಳೆಯದೇ. ಆದರೆ ನಾಲ್ಕೂ ಕಡೆ ಮುಚ್ಚಿದ ಆ ಶೆಡ್ಡಿನಲ್ಲಿ ಕರೆಂಟ್ ಹೋಗಿ ಜನರೇಟರ್ ಎತ್ತದಿದ್ದರೆ ಕೊಯ್ಯಲು ಹಗ್ಗವೂ ಇರುವುದಿಲ್ಲ.

ಈಗ ಸೈಟ್ ನೋಡಲು ಹೋದರೆ ಫೋನಿನ ದಿಕ್ಸೂಚಿ ತೆಗೆದು ನಿಲ್ಲುತ್ತೇನೆ. ಹೋದ ತಿಂಗಳು ಒಂದು ಸೈಟ್ ಬೇಡ ಅಂದದ್ದಕ್ಕೆ ಟಾರ್ಗೆಟ್ ತಪ್ಪಿತು. ರಿವ್ಯೂ ಮೀಟಿಂಗಿನಲ್ಲಿ ನನ್ನನ್ನು ವಾಸ್ತು ಪಂಡಿತ ಅಂತ ಕರೆದರು. ಮೀಟರಿಗೆ ಸೆಲ್ ಮಾತ್ರ ಇಂಡೆಂಟ್ ಹಾಕಿದರೂ ಬರಲಿಲ್ಲ, ಅಂಗಡಿಯಲ್ಲಿ ನಾನೇ ಕೊಂಡೆ.

ಅಕ್ಕನ ಫಾರಂಗೆ ಈಗಲೂ ವಾರಕ್ಕೆ ಎರಡು ಸಲ ಹೋಗುತ್ತೇನೆ. ಗೇಟಿನ ಹತ್ತಿರ ನನ್ನ ಬೈಕಿನ ಸದ್ದು ಕೇಳಿದ ಕೂಡಲೇ ಅವರು ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಿ ಪಶ್ಚಿಮದ ಪರದೆ ಪೂರ್ತಿ ಸುತ್ತಿ ಕಟ್ಟುತ್ತಾರೆ. ಆಮೇಲೆ ಕೈ ಒರೆಸಿಕೊಂಡು ಬಂದು, "ಬನ್ನಿ ಸಾರ್, ಟೀ ಕುಡೀತೀರಾ?" ಅನ್ನುತ್ತಾರೆ.