ಕಂಟ್ರೋಲ್ ಕೀ ಒತ್ತುವ ಕೆಲಸ

ಪೀಣ್ಯದ ಪಂಪ್ ತಯಾರಿಕಾ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿ ನನ್ನ ಕೆಲಸ. ದಾವಣಗೆರೆಯ ಡೀಲರ್ ಇರಲಿ, ಯಾವುದೋ ಗ್ರಾಮ ಪಂಚಾಯಿತಿ ಇರಲಿ, ಮೋಟರ್ ಸುಟ್ಟಿತು ಎಂಬ ದೂರು ಮೊದಲು ಬಂದು ಬೀಳುವುದು ನನ್ನ ಇನ್‌ಬಾಕ್ಸ್‌ಗೆ. ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಕೀಬೋರ್ಡ್‌ನಿಂದಲೇ ನಾನು ಎಲ್ಲವನ್ನೂ ನಡೆಸುತ್ತೇನೆ. ಎಡಗಿವಿಗೆ ಇಯರ್‌ಫೋನ್, ಬಲಗಿವಿ ಫೋನಿಗೆ, ಪಕ್ಕದವರ ಮಾತಿಗೆ, ಚಹಾ ಬಂತು ಎಂಬ ಸುದ್ದಿಗೆ ಮೀಸಲು.

‘ಇಷ್ಟು ವೇಗದಲ್ಲಿ ಓದಿದರೆ ನಿಮಗೆ ಹೇಗೆ ಅರ್ಥವಾಗುತ್ತದೆ ಸರ್?’ ಎಂದು ಹೊಸದಾಗಿ ಸೇರಿದವರೆಲ್ಲ ಕೇಳುತ್ತಾರೆ. ಕಿವಿ ಪಳಗಿದರೆ ವೇಗ ತಾನಾಗಿ ಬರುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಕಷ್ಟಪಟ್ಟು ಕಲಿಯಬೇಕಾದದ್ದು ಎಲ್ಲಿ ಬಾಯಿ ಮುಚ್ಚಿಸಬೇಕು ಎನ್ನುವುದನ್ನು. ಕಂಟ್ರೋಲ್ ಕೀ ಒತ್ತಿದರೆ ಎನ್‌ವಿಡಿಎ ಆ ಕ್ಷಣವೇ ಸುಮ್ಮನಾಗುತ್ತದೆ. ನನ್ನ ಕೀಬೋರ್ಡ್‌ನಲ್ಲಿ ಬೇರೆಲ್ಲ ಕೀಗಳಿಗಿಂತ ಮೊದಲು ಸವೆದದ್ದು ಅದೇ. ಕಣ್ಣಿರುವವರು ಪುಟದ ಮೇಲೆ ದೃಷ್ಟಿ ಹಾಯಿಸಿ ಬೇಡದ್ದನ್ನು ದಾಟಿಬಿಡುತ್ತಾರೆ. ಕಿವಿಗೆ ಪದಗಳು ಸರದಿಯಲ್ಲೇ ಬರುತ್ತವೆ. ಮುಂದಿನದು ಬೇಕೋ ಬೇಡವೋ ಎಂದು ಬಂದದ್ದರಿಂದಲೇ ಊಹಿಸಬೇಕು.

ಹಾಗಾಗಿ ಪಟ್ಟಿಯಲ್ಲೇ ಅರ್ಧ ಕೆಲಸ ಮುಗಿಯಬೇಕು. ಔಟ್‌ಲುಕ್‌ನಲ್ಲಿ ಕೆಳಬಾಣ ಒತ್ತುತ್ತ ಹೋದರೆ ಪ್ರತಿ ಮೇಲ್‌ನ ಸಾಲು ಕೇಳಿಸುತ್ತದೆ: ಓದಿಲ್ಲ, ಲಗತ್ತು ಇದೆ, ಯಾರಿಂದ, ಏನು ವಿಷಯ, ಯಾವಾಗ. ನನ್ನ ಪಟ್ಟಿಯಲ್ಲಿ ಕಳುಹಿಸಿದವರ ಹೆಸರು ಮತ್ತು ವಿಷಯ ಮುಂದೆ, ದಿನಾಂಕ ಕೊನೆಗೆ. ಗಾತ್ರವನ್ನು ತೆಗೆದೇ ಹಾಕಿದ್ದೇನೆ. ಒಂದೇ ವಿಷಯದ ಮೇಲ್‌ಗಳನ್ನು ಗುಂಪು ಮಾಡಿ ತೋರಿಸುವ ವ್ಯವಸ್ಥೆಯನ್ನೂ ಬಂದ್ ಮಾಡಿದೆ; ಗುಂಪು ಬಿಚ್ಚುವುದು, ಮುಚ್ಚುವುದು, ಎಲ್ಲಿದ್ದೇನೆ ಎಂದು ಹುಡುಕುವುದು ಕಿವಿಗೆ ತಲೆನೋವು. ಎರಡು ಪದ ಕೇಳುತ್ತಲೇ ಮತ್ತೆ ಕೆಳಬಾಣ ಒತ್ತಿದರೆ ಹಳೆಯ ಸಾಲು ತುಂಡಾಗಿ ಹೊಸದು ಶುರುವಾಗುತ್ತದೆ. ಬೇರೆ ಫೋಲ್ಡರಿಗೆ ಹಾಕಲು ಕಂಟ್ರೋಲ್, ಶಿಫ್ಟ್, ವಿ. ಆಮೇಲೆ ಓದುತ್ತೇನೆ ಎನ್ನುವುದಕ್ಕೆ ಕಂಟ್ರೋಲ್, ಯು. ಶಾರ್ಟ್‌ಕಟ್‌ಗಳ ಪಟ್ಟಿ ಉರುಹೊಡೆಯುವ ಅಗತ್ಯವಿಲ್ಲ, ಬೇಕಾದವು ಬೆರಳಿಗೆ ಹತ್ತುತ್ತವೆ.

ಇದರಿಂದ ಸಹೋದ್ಯೋಗಿಗಳಿಗೆ ನಾನು ಮಾಡಿಕೊಂಡ ಬೇಡಿಕೆ ಒಂದೇ: ವಿಷಯದ ಸಾಲಿನ ಮೊದಲ ಎರಡು ಪದಗಳಲ್ಲಿ ವಿಷಯ ಇರಲಿ. ‘ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರುವಾಗುವ ಮೇಲ್ ಹಾವೇರಿಯದೋ ಸಿಂಧನೂರಿನದೋ ಎಂದು ತಿಳಿಯುವ ಮೊದಲೇ ನನ್ನ ಬೆರಳು ಮುಂದೆ ಹೋಗಿರುತ್ತದೆ. ‘ಹಾವೇರಿ, ಮೋಟರ್ ಸುಟ್ಟಿದೆ’ ಎಂದಿದ್ದರೆ ಅಲ್ಲೇ ನಿಲ್ಲುತ್ತೇನೆ.

ಪಂಪ್‌ನ ಕ್ರಮಸಂಖ್ಯೆ ಬಂದಾಗ ಮಾತ್ರ ಆತುರ ಸಲ್ಲದು. ಅಕ್ಷರವೂ ಅಂಕಿಯೂ ಬೆರೆತ ಸಂಖ್ಯೆಯನ್ನು ಎನ್‌ವಿಡಿಎ ಒಂದು ಪದವೆಂದುಕೊಂಡು ಏನೋ ಒಂದು ಉಚ್ಚರಿಸಿಬಿಡುತ್ತದೆ. ಆಗ ನಂಬರ್ ಪ್ಯಾಡ್‌ನ 5ನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಆ ಪದವನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಇಂಗ್ಲಿಷಿನ ಓ ಅಕ್ಷರವೋ ಸೊನ್ನೆಯೋ ಎಂಬ ಅನುಮಾನ ತೀರುವುದು ಆಗಲೇ. ಕಣ್ಣಿಗೆ ಅವೆರಡೂ ಒಂದೇ ಥರ ಕಾಣುತ್ತವಂತೆ, ಆದ್ದರಿಂದ ಈ ತಪಾಸಣೆಗೆ ನಮ್ಮ ವಿಭಾಗದವರು ನನ್ನ ಬಳಿಯೇ ಬರುತ್ತಾರೆ.

ಎಕ್ಸೆಲ್ ಹಾಳೆ ಲಗತ್ತಿಸಿ ‘ಕೆಂಪು ಸಾಲುಗಳನ್ನು ಗಮನಿಸಿ’ ಎಂದು ಬರೆಯುವವರು ಇದ್ದೇ ಇದ್ದಾರೆ. ‘ಬಣ್ಣದ ಜೊತೆಗೆ ಬಾಕಿ ಅಂತ ಒಂದು ಪದ ಇನ್ನೊಂದು ಕಾಲಂನಲ್ಲಿ ಹಾಕಿಬಿಡಪ್ಪ’ ಎಂದು ನಮ್ಮ ಕಿರಿಯ ಎಂಜಿನಿಯರ್‌ಗೆ ಹೇಳಿದೆ. ಹಾಕಿದ. ಮುಗಿಯಿತು.

ಎನ್‌ವಿಡಿಎ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು 2006ರಲ್ಲಿ ಆರಂಭಿಸಿದರು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು, ಇಬ್ಬರೂ ದೃಷ್ಟಿಹೀನರು. ಇದು ಉಚಿತ, ಇದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಸ್ವರ ಯಾಂತ್ರಿಕ, ಕೇಳಲು ಹಿತವಲ್ಲ, ಆದರೆ ವೇಗ ಹೆಚ್ಚಿಸಿದರೂ ಅಕ್ಷರ ನುಂಗುವುದಿಲ್ಲ. ಕಲಿಯಬೇಕೆನ್ನುವವರಿಗೆ ಎಚ್ಎಸ್ಆರ್ ಬಡಾವಣೆಯ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಬೆಂಗಳೂರಿನಲ್ಲಿವೆ.

ಕನ್ನಡ ಓದುತ್ತದೆ ಎಂದೆ, ಯೂನಿಕೋಡ್‌ನಲ್ಲಿದ್ದರೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿರುವ ವ್ಯವಸ್ಥೆಯಲ್ಲಿ ಟೈಪ್ ಮಾಡಿದ್ದರೆ. ನನ್ನ ಕೆಲಸದ ದೊಡ್ಡ ಗೋಳು ಇರುವುದು ಇಲ್ಲೇ. ಪಂಚಾಯಿತಿಗಳಿಂದ ಬರುವ ಎಷ್ಟೋ ಪತ್ರಗಳು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಕಡತಗಳು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಒಳಗಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳು. ಅವುಗಳಿಗೆ ಕನ್ನಡದ ಆಕಾರ ತೊಡಿಸುವುದಷ್ಟೇ ಆ ಫಾಂಟ್‌ನ ಕೆಲಸ. ಉದಾಹರಣೆಗೆ ‘ನ’ ಅಕ್ಷರದ ಒಳಗಿರುವುದು ಬ್ರಿಟನ್ನಿನ ಪೌಂಡ್ ಚಿಹ್ನೆ, ಅದರ ನಂತರ ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷಿನ ಎ. ಸ್ಕ್ರೀನ್ ರೀಡರ್ ಆಕಾರ ನೋಡುವುದಿಲ್ಲ, ಒಳಗಿನದನ್ನೇ ಓದುತ್ತದೆ. ಕುಡಿಯುವ ನೀರಿನ ಪಂಪ್ ಕೆಟ್ಟಿದೆ ಎಂಬ ಪತ್ರವನ್ನು ತೆರೆದರೆ, ಯಾರೋ ಲಂಡನ್ನಿನ ಲೆಕ್ಕ ಒಪ್ಪಿಸುತ್ತಿರುವಂತೆ ಪೌಂಡ್, ಪೌಂಡ್ ಎಂದು ಕೇಳಿಸುತ್ತದೆ.

ಇದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಅವುಗಳಿಂದಲೇ ದಿನ ದೂಡುತ್ತೇನೆ. ಪತ್ರದ ಸಾರ ಸಿಗುತ್ತದೆ. ಆದರೆ ಒತ್ತಕ್ಷರಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ, ಅದೂ ಊರಿನ ಹೆಸರಿನಲ್ಲೇ ಆದರೆ ಮೆಕ್ಯಾನಿಕ್‌ನನ್ನು ಎಲ್ಲಿಗೆ ಕಳುಹಿಸುವುದು? ಪತ್ರವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಕಳುಹಿಸಿದ್ದರೆ ಅಷ್ಟೂ ಇಲ್ಲ. ಪುಟ ಖಾಲಿ ಎನ್ನುತ್ತದೆ. ಅದಕ್ಕೆ ಒಂದು ಉತ್ತರ ಸಿದ್ಧಪಡಿಸಿ ಇಟ್ಟುಕೊಂಡಿದ್ದೇನೆ: ‘ಪತ್ರ ತಲುಪಿದೆ. ಊರು, ಪಂಪ್‌ನ ಕ್ರಮಸಂಖ್ಯೆ, ತೊಂದರೆ ಏನು ಎಂಬ ಮೂರನ್ನು ದಯವಿಟ್ಟು ಮೇಲ್‌ನಲ್ಲೇ ಟೈಪ್ ಮಾಡಿ ಕಳುಹಿಸಿ.’ ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲೇ ಬರುತ್ತದೆ, ಹೆಚ್ಚಿನವರು ಅಂದೇ ಕಳುಹಿಸುತ್ತಾರೆ. ಬೇಸಿಗೆಯಲ್ಲಿ ಮಾತ್ರ ಉತ್ತರಕ್ಕೆ ಕಾಯುವುದಿಲ್ಲ. ಊರಿಗೆ ನೀರಿಲ್ಲ ಎಂದು ಗೊತ್ತಾದರೆ ನೇರವಾಗಿ ಫೋನ್ ಮಾಡಿಬಿಡುತ್ತೇನೆ.