ಬಿಳಿ ಹಾಳೆ ಸಿಗಲಿಲ್ಲವೇ?

ಸಿಗುತ್ತದೆ. ಬಳ್ಳಾರಿಯ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಮೊದಲು ಕೈಗಿಡುವುದೇ ಬಿಳಿ ಹಾಳೆ. ಹೊರಗಿನಿಂದ ತರಿಸಿಕೊಳ್ಳಬೇಕಾಗಿರುವುದು ಒಳ್ಳೆಯ ಕಪ್ಪು ಹಾಳೆಯನ್ನು. ಆದ್ದರಿಂದ ‘ಬಿಳಿ ಹಾಳೆ ಸಿಗಲಿಲ್ಲವೇ? ಕಪ್ಪು ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲೇ? ಅದೂ ಕಪ್ಪು ಕರಡಿಯನ್ನೇ?’ ಎಂದು ನನ್ನ ಚಿತ್ರಗಳನ್ನು ನೋಡಿ ಕೇಳುವವರು ಇನ್ನು ಮುಂದೆ ಇದನ್ನು ಓದಿಕೊಳ್ಳಲಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಇದೇ ಪ್ರಶ್ನೆಗೆ ಬೇರೆ ವೇಷಗಳೂ ಇವೆ. ‘ಹಿನ್ನೆಲೆ ಬರೆಯುವ ಕೆಲಸ ಉಳಿಯಿತು, ಅಲ್ಲವೇ?’ ಎಂದು ಕಣ್ಣು ಮಿಟುಕಿಸುವವರಿದ್ದಾರೆ. ಹೌದು, ಉಳಿಯಿತು. ಗಿಡ, ಗುಡ್ಡ, ಮೋಡ ಬರೆಯಲು ನನಗೆ ಇಷ್ಟವಿಲ್ಲ, ಏನೀಗ? ‘ಗೋಡೆಯ ಮೇಲೆ ಕಪ್ಪು ಇರಬಾರದು, ಮನೆಗೆ ಒಳ್ಳೆಯದಲ್ಲ’ ಎನ್ನುವವರೂ ಇದ್ದಾರೆ. ಆರಿಸಿದಾಗ ನಿಮ್ಮ ಟಿ.ವಿ. ಯಾವ ಬಣ್ಣಕ್ಕಿರುತ್ತದೆ ಸ್ವಾಮಿ ಎಂದು ಕೇಳಬೇಕೆನಿಸುತ್ತದೆ.

ಕೊಪ್ಪಳದಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಕರಡಿಯ ಚಿತ್ರವೊಂದನ್ನು ಉಡುಗೊರೆ ಕೊಟ್ಟಿದ್ದೆ. ಅವರು ಅದನ್ನು ಪ್ರೀತಿಯಿಂದಲೇ ದೊಡ್ಡ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದರು. ಕಪ್ಪು ಹಾಳೆಯ ಮುಂದೆ ಗಾಜು, ಎದುರಿಗೆ ಕಿಟಕಿ ಇದ್ದರೆ ಆಗುವುದು ಕನ್ನಡಿಯೇ. ಹಿರಿಯರೊಬ್ಬರು ಹೋಳಿಗೆಯ ತಟ್ಟೆ ಹಿಡಿದು ಬಂದು ಅದರ ಮುಂದೆ ನಿಂತರು. ‘ಕರೆಂಟು ಹೋದಾಗ ಬರೆದೆಯೇನಪ್ಪಾ?’ ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ನೆಂಟಸ್ತಿಕೆ ಉಳಿಯಬೇಕಲ್ಲ. ಆಮೇಲೆ ಅವರು ಅಲ್ಲೇ ನಿಂತು ಗಾಜಿನಲ್ಲಿ ನೋಡಿಕೊಳ್ಳುತ್ತಾ, ಮೀಸೆ ತೀಡುತ್ತಾ, ಚಿತ್ರದ ಲೋಪಗಳನ್ನು ಒಂದೊಂದಾಗಿ ವಿವರಿಸಿದರು. ಕೊನೆಗೆ, ‘ಮುಖದಲ್ಲಿ ಕಳೆ ಇಲ್ಲ’ ಎಂದು ತೀರ್ಪು ಕೊಟ್ಟರು. ಯಾರ ಮುಖದಲ್ಲಿ ಎಂದು ನಾನು ಕೇಳಲಿಲ್ಲ.

ಈಗ ಉತ್ತರ. ಬಿಳಿ ಹಾಳೆಯ ಮೇಲೆ ಕರಡಿ ಬರೆಯಬೇಕೆಂದರೆ ಮೈಯೆಲ್ಲ ಕಪ್ಪು ತುಂಬಬೇಕು. ಉಜ್ಜಿ ಉಜ್ಜಿ ಹಾಳೆಗೆ ಮೇಣದ ಹೊಳಪು ಬರುತ್ತದೆ, ಕೂದಲು ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪು ಹಾಳೆಯಲ್ಲಾದರೆ ಕರಡಿಯ ಮುಕ್ಕಾಲು ಪಾಲು ಆಗಲೇ ಅಲ್ಲಿರುತ್ತದೆ. ನಾನು ಇಡಬೇಕಾದದ್ದು ಬೂದು ಮೂತಿ, ಎದೆಯ ಮೇಲಿನ ಬಿಳಿ ಪಟ್ಟೆ, ದಂತದ ಬಣ್ಣದ ಉದ್ದುದ್ದ ಉಗುರು ಮತ್ತು ಬಿಸಿಲು ಬಿದ್ದ ಕೂದಲಿನ ತುದಿಗಳನ್ನು ಮಾತ್ರ.

‘ಬಣ್ಣ ಕಾಣುವುದಿಲ್ಲವಲ್ಲ’ ಎನ್ನುವುದರಲ್ಲಿ ಅರ್ಧ ನಿಜವಿದೆ. ಬಣ್ಣದ ಪೆನ್ಸಿಲ್ ಪಾರದರ್ಶಕ, ಕಪ್ಪು ಅದನ್ನು ನುಂಗುತ್ತದೆ. ಹಳದಿಯನ್ನು ನೇರವಾಗಿ ಹಚ್ಚಿ ನೋಡಿ, ಮಂಕಾದ ಹಸಿರಿನಂತೆ ಕಾಣುತ್ತದೆ. ಅದಕ್ಕೇ ಬೇಕಾದ ಕಡೆ ಮೊದಲು ತೆಳುವಾಗಿ ಬಿಳಿ ಹಚ್ಚಿ, ಅದರ ಮೇಲೆ ಬಣ್ಣ ಕೊಡುತ್ತೇನೆ. ಒತ್ತಿ ಹಚ್ಚಿದರೆ ಹಾಳೆಯ ತರಿ ಮುಚ್ಚಿಹೋಗಿ ಮುಂದಿನ ಪದರ ನಿಲ್ಲುವುದಿಲ್ಲ. ಮಾಮೂಲಿ ಪೆನ್ಸಿಲ್ಲಿನ ಗೆರೆ ಕಪ್ಪಿನ ಮೇಲೆ ಬೂದಾಗಿ ಹೊಳೆಯುತ್ತದೆ, ಆದ್ದರಿಂದ ಬೇರೆ ಹಾಳೆಯಲ್ಲಿ ಬರೆದ ಕರಡು ಚಿತ್ರದ ಹಿಂಬದಿಗೆ ಸೀಮೆಸುಣ್ಣ ಉಜ್ಜಿ, ಕಪ್ಪು ಹಾಳೆಯ ಮೇಲಿಟ್ಟು, ಮೇಲಿನಿಂದ ತಿದ್ದಿ ಅಚ್ಚು ಇಳಿಸುತ್ತೇನೆ. ಅಪ್ಪಟ ಬಿಳಿಯನ್ನು ಒತ್ತಿ ಹಚ್ಚುವುದು ಕಣ್ಣಿನ ಮಿಂಚಿಗೆ, ಅದೂ ಕೊನೆಯಲ್ಲಿ. ಇನ್ನು ನಮ್ಮೂರಿನ ಬೇಸಿಗೆ: 40 ಡಿಗ್ರಿ ದಾಟಿದ ಮೇಲೆ ಮೇಣದ ಪೆನ್ಸಿಲ್ಲಿನ ಮೊನೆ ಮೆತ್ತಗಾಗಿ ಚೂಪು ನಿಲ್ಲುವುದಿಲ್ಲ. ಸಂಡೂರಿನ ಕಡೆಯ ಕೆಂಧೂಳು ಬಂದು ಕೂತರೆ ಕೈಯಿಂದ ಒರೆಸಬಾರದು, ಒಣ ಕುಂಚದಿಂದ ಹಾರಿಸಬೇಕು.

ಇಷ್ಟೆಲ್ಲ ಹೇಳಿದರೂ ‘ಬೆಳಕು ಯಾವ ಕಡೆಯಿಂದ ಬಂದಿತ್ತು?’ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆ ಪ್ರಶ್ನೆಗಾದರೆ ಚಹಾ ಕುಡಿಸಿ ಉತ್ತರ ಹೇಳುತ್ತೇನೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲ ಬಳಿದು ಹೋಗುತ್ತಾರೆ. ವೀಕ್ಷಣಾ ಗೋಪುರದ ಮೇಲೆ ಕುಳಿತು ಕಾದರೆ ಕರಡಿಗಳು ಇಳಿದು ಬರುತ್ತವೆ. ಈ ಜಾತಿಯ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದಾಗ ಅದು ಬರೀ ಒಂದು ಕಪ್ಪು ಗುಡ್ಡೆ, ತಾಯಿ ಎಲ್ಲಿ ಮುಗಿಯಿತು, ಮರಿ ಎಲ್ಲಿ ಶುರುವಾಯಿತು ತಿಳಿಯದು. ಹೊತ್ತು ಇಳಿದು ಬಿಸಿಲು ಅವುಗಳ ಹಿಂದಿನಿಂದ ಬಂತೆಂದರೆ ಕೂದಲಿನ ಅಂಚಿಗೆ ಬೆಂಕಿ ಹತ್ತುತ್ತದೆ. ಮರಿಯ ಕಿವಿ ಬೇರೆ, ತಾಯಿಯ ಹೆಗಲು ಬೇರೆ ಎಂದು ತೋರಿಸುವುದು ಆ ಅಂಚೊಂದೇ. ಬಿಳಿ ಹಾಳೆಯ ಮೇಲೆ ಅದನ್ನು ಬರೆಯುವ ದಾರಿ ನಿಮಗೆ ಗೊತ್ತಿದ್ದರೆ ಹೇಳಿ, ಕಲಿಯುತ್ತೇನೆ.

ಕೇಳಿದ ಮೇಲೆ ಎಲ್ಲರೂ ಕೊನೆಗೆ ಬರುವುದು ‘ನಮ್ಮ ನಾಯಿಯದೂ ಒಂದು ಬರೆದುಕೊಡಿ’ ಎಂಬಲ್ಲಿಗೆ. ಬರೆದುಕೊಡುತ್ತೇನೆ. ಆದರೆ ರಾತ್ರಿ ಫ್ಲ್ಯಾಶ್ ಹೊಡೆದು, ಸೋಫಾದ ಮೇಲೆ ತೆಗೆದ ಫೋಟೋ ಕಳುಹಿಸಬೇಡಿ. ಅದರಲ್ಲಿ ಮೂತಿಗೂ ಕಿವಿಗೂ ಒಂದೇ ಬೆಳಕು, ಕಣ್ಣು ಮಾತ್ರ ಹಸಿರು ಬಲ್ಬು. ಬೆಳಿಗ್ಗೆ ಕಿಟಕಿಯ ಪಕ್ಕ ಕೂರಿಸಿ ತೆಗೆಯಿರಿ. ನಾಯಿ ಬಿಳಿಯದಾದರೂ ಚಿಂತೆಯಿಲ್ಲ, ಹಾಳೆ ಕಪ್ಪೇ ಇರುತ್ತದೆ.