ತೊಟ್ಟಿಮನೆ ಸೋರುವುದು ಮೂಲೆಯಿಂದ

ನಡುವೆ ತೆರೆದ ಅಂಗಳವಿರುವ ಹಳೆಯ ತೊಟ್ಟಿಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಮುಂಡಿಗೆಯ, ಅಂದರೆ ಮರದ ಕಂಬದ, ಕೆತ್ತನೆಗೆ. ಮನೆ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಬೇಕಿದ್ದರೆ ಅಂಗಳದಲ್ಲಿ ನಿಂತು ಕತ್ತೆತ್ತಿ, ಎರಡೆರಡು ಮಾಡು (ಇಳಿಜಾರು ಛಾವಣಿ) ಕೂಡುವ ನಾಲ್ಕು ಮೂಲೆಗಳನ್ನು ನೋಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ, ಅಂದರೆ ಕುವೆಂಪು ಅವರ ಮನೆ, ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಮಳೆಗಾಲದಲ್ಲೇ ಹೋಗಿ, ಒಳಮಾಡಿನ ನೀರು ಅಂಗಳಕ್ಕೆ ಹೇಗೆ ಇಳಿಯುತ್ತದೆಂದು ನೋಡಿ.

ಮನೆಗೆ ಎಷ್ಟು ವರ್ಷವಾಯಿತೆಂದು ಮಾಡು ನೋಡಿ ಹೇಳಲು ಹೋಗಬೇಡಿ. ಮಂಗಳೂರು ಹೆಂಚು ಶುರುವಾದದ್ದೇ 1865ರಲ್ಲಿ, ಬಾಸೆಲ್ ಮಿಷನ್ ಕಾರ್ಖಾನೆಯಿಂದ. ಕೆಲವು ಹೆಂಚುಗಳ ಮೇಲೆ ಅಚ್ಚೊತ್ತಿರುವ 1865 ಕಾರ್ಖಾನೆ ಹುಟ್ಟಿದ ವರ್ಷ, ಹೆಂಚಿನದ್ದಲ್ಲ, ಮನೆಯದ್ದಂತೂ ಅಲ್ಲವೇ ಅಲ್ಲ! ಅದಕ್ಕೂ ಹಿಂದಿನ ಮನೆಗಳಿಗೆ ಹುಲ್ಲೋ ನಾಡಹೆಂಚೋ ಇರುತ್ತಿತ್ತು. ತೊಲೆಗಳಲ್ಲಿ ಕೆಲಸವಿಲ್ಲದೆ ಉಳಿದ ತೂತು, ಕಚ್ಚುಗಳಿದ್ದರೆ ಮಾಡನ್ನು ಒಮ್ಮೆ ಬದಲಿಸಿರಬಹುದು, ಇಲ್ಲವೇ ಆ ಮರ ಬೇರೆ ಮನೆಯಿಂದ ಬಂದಿರಬಹುದು.

ಮೂಲೆಗೆ ಎರಡು ಮಾಡುಗಳ ನೀರು ಒಟ್ಟಿಗೆ ಬರುತ್ತದೆ. ಅಲ್ಲಿನ ಹೆಂಚುಗಳನ್ನು ಓರೆಯಾಗಿ ಕತ್ತರಿಸಿರುವುದರಿಂದ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿಗೆ) ಕಚ್ಚಿಕೊಳ್ಳುವ ಮೂಗು ಎಷ್ಟೋ ತುಂಡುಗಳಿಗೆ ಇರುವುದಿಲ್ಲ, ಜಾರುತ್ತವೆ. ತರಗೆಲೆ ಕಟ್ಟಿಕೊಂಡರೆ ನೀರು ಹಿಮ್ಮೆಟ್ಟಿ ಹೆಂಚಿನಡಿಗೆ ನುಗ್ಗಿ ಮೂಲೆತೊಲೆಯ ಬೆನ್ನನ್ನು ನೆನೆಸುತ್ತದೆ. ಕೆಳಗಿನಿಂದ ನೋಡಿದರೆ ಮರ ಚೆನ್ನಾಗೇ ಕಾಣುತ್ತದೆ, ಮೇಲೆ ಹಿಟ್ಟಾಗಿರುತ್ತದೆ. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಸುರಿಯುವ ಮಳೆಗೆ ಇಂಥ ಮೂಲೆ ಹೆಚ್ಚು ಕಾಲ ತಡೆಯುವುದಿಲ್ಲ.

ಆದ್ದರಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಹೆಂಚು ಕೈಯಾಡಿಸುವಾಗ (ತೆಗೆದು ಮತ್ತೆ ಜೋಡಿಸುವಾಗ) ಒಂದೊಂದೇ ಮೂಲೆ ಬಿಚ್ಚಿ. ಎರಡೂ ಬದಿಯ ಮೂರು ಮೂರು ಸಾಲು ತೆಗೆದು, ತೊಲೆಯ ಬೆನ್ನಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಬಡಗಿಯನ್ನು ಕರೆಸಲೇಬೇಕು. ಮೂಲೆಯ ಉದ್ದಕ್ಕೂ ಹೆಂಚಿನಡಿ ಹಾಸುವ ತಗಡು 2 ಅಡಿ ಅಗಲದ್ದಿರಲಿ, ಎರಡೂ ಅಂಚನ್ನು ಅರ್ಧ ಇಂಚು ಮೇಲಕ್ಕೆ ಮಡಿಸಿ. ಸೂರಿನಿಂದ ಮೇಲಕ್ಕೆ ಹಾಸುತ್ತ ಹೋಗಿ, ಮೇಲಿನ ತಗಡು ಕೆಳಗಿನದರ ಮೇಲೆ ಕನಿಷ್ಠ 6 ಇಂಚು ಬರಬೇಕು. ಮೊಳೆ ಅಂಚಿಗೆ ಮಾತ್ರ, ನೀರು ಹರಿಯುವ ನಡುವಿಗೆ ಒಂದೂ ಬೇಡ. ಕತ್ತರಿಸಿದ ಹೆಂಚಿಗೆ ತೂತು ಕೊರೆದು ತಂತಿಯಿಂದ ರೀಪಿಗೆ ಕಟ್ಟಿ. ಎರಡು ಬದಿಯ ಹೆಂಚುಗಳ ನಡುವೆ 4 ಇಂಚು ಜಾಗ ಬಿಟ್ಟರೆ ಎಲೆ ತಾನಾಗಿ ಜಾರಿ ಹೋಗುತ್ತದೆ.

ಆ ಜಾಗ ನೋಡಿದ ಕೂಡಲೇ ಮೇಸ್ತ್ರಿ ಸಿಮೆಂಟ್ ಮೆತ್ತೋಣ ಎನ್ನುತ್ತಾನೆ. ಒಪ್ಪಬೇಡಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರದ ಮೇಲೆ ಸಿಮೆಂಟ್ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಇಳಿದ ನೀರು ಆರುವುದೂ ಇಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದರೂ ಇದೇ ಗತಿ.

ಮೂಲೆ ಸರಿಮಾಡಿದ ಮೇಲೆ ಅಂಗಳದಿಂದ ಜಗಲಿಯಡಿ ಹೊರಗೆ ಹೋಗುವ ಕಲ್ಲಿನ ಮೋರಿಗೆ ನಾಲ್ಕು ಕೊಡ ನೀರು ಸುರಿಯಿರಿ. ಸುರಿದಷ್ಟೂ ಹಿತ್ತಲಲ್ಲಿ ಕಾಣಿಸದಿದ್ದರೆ, ಉಳಿದದ್ದು ಗೋಡೆಯ ಬುಡಕ್ಕೆ ಹೋಗುತ್ತಿದೆ.